ಗಣಿತದ ಕೋಣೆಯ ಮೂರನೇ ಕಾಲಂ

ಸೆಮಿಸ್ಟರ್ ಮುಗಿಯುತ್ತಿದ್ದ ಹಾಗೆ ಆಫೀಸಿನಿಂದ ಒಂದು ಎಕ್ಸೆಲ್ ಶೀಟ್ ಬರುತ್ತದೆ. ಅದರಲ್ಲಿ ನಮ್ಮ ಗಣಿತದ ಕೋಣೆಗೆ ಮೂರು ಕಾಲಂ. ಎಷ್ಟು ಗಂಟೆ ತೆರೆದಿತ್ತು, ಎಷ್ಟು ಜನ ಬಂದರು, ಬಂದವರಲ್ಲಿ ಎಷ್ಟು ಜನ ಪಾಸಾದರು. ಮೂರನ್ನೂ ತುಂಬಿ ಕಳಿಸುತ್ತೇನೆ. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ, ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಮೂರನೆಯದೂ ಸುಳ್ಳು ಲೆಕ್ಕವೇನಲ್ಲ. ಆದರೆ ಅದನ್ನು ನೋಡಿ ಕೋಣೆಯಿಂದ ಉಪಯೋಗ ಆಯ್ತಾ ಇಲ್ವಾ ಅಂತ ಹೇಳೋಕೆ ಹೋದರೆ ಕಷ್ಟ. ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳು. ಬೇರೆ ಯಾರಾದರೂ ಇಂಥ ಕಾಲಂ ತುಂಬಿದ್ದರೆ, ಹೀಗೆ ಮಾಡಬಾರದು ಅಂತ ಕ್ಲಾಸಿನಲ್ಲಿ ಉದಾಹರಣೆ ಕೊಡುತ್ತಿದ್ದೆ.

ಕೋಣೆ ಅಂದರೆ ದೊಡ್ಡದೇನಲ್ಲ. ತುಮಕೂರಿನ ಒಂದು ಕಾಲೇಜು. ಬಿ.ಎಚ್. ರಸ್ತೆಯ ಬಸ್ ಹಾರ್ನ್ ಕಿಟಕಿಯಲ್ಲೇ ಕೇಳುತ್ತದೆ. ಹಳೇ ಆನ್ಸರ್ ಪೇಪರ್ ಬಂಡಲ್ ತುಂಬಿಟ್ಟಿದ್ದ ರೂಮನ್ನು ಖಾಲಿ ಮಾಡಿಸಿ, ದೊಡ್ಡ ಟೇಬಲ್ ಹಾಕಿಸಿ, ಗೋಡೆಗೆ ಎರಡು ಬೋರ್ಡ್ ಹೊಡೆಸಿದೆವು. ಮಧ್ಯಾಹ್ನದ ಮೇಲೆ ಯಾರು ಬೇಕಾದರೂ ಬರಬಹುದು. ಬಿ.ಎಸ್ಸಿ.ಯವರು, ಬಿ.ಸಿ.ಎ.ಯವರು, ಬ್ಯುಸಿನೆಸ್ ಮ್ಯಾಥ್ಸ್ ಅಂದರೆ ಬೆವರುವ ಬಿ.ಕಾಂ.ನವರು. ಹೇಳಿಕೊಡುವವರು ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು. ಗೌರವಧನ ಅಂತ ಸ್ವಲ್ಪ ದುಡ್ಡು ಕೊಡುತ್ತೇವೆ. ಬಿಲ್ ಪಾಸಾಗುವ ಹೊತ್ತಿಗೆ ಅವರ ಕೋರ್ಸೇ ಮುಗಿದಿರುತ್ತದೆ, ಅದು ಬೇರೆ ವಿಷಯ.

ಕೋಣೆಯಲ್ಲಿ ಒಂದು ನಿಯಮ ಇದೆ. ಹೇಳಿಕೊಡುವವರು ಪೆನ್ನು ಮುಟ್ಟಬಾರದು. ಎಂ.ಎಸ್ಸಿ. ಹುಡುಗರಿಗೆ ಲೆಕ್ಕ ಕಂಡರೆ ಕೈ ತುರಿಸುತ್ತದೆ. ಬಂದವರ ನೋಟ್‌ಬುಕ್ ಎಳೆದುಕೊಂಡು ಚಕಚಕ ಬಿಡಿಸಿ, 'ಅರ್ಥ ಆಯ್ತಾ?' ಅನ್ನುತ್ತಾರೆ. ಎದುರಿಗಿರುವವರು 'ಆಯ್ತು' ಅನ್ನುತ್ತಾರೆ. ಇಬ್ಬರಿಗೂ ಖುಷಿ. ಮನೆಗೆ ಹೋಗಿ ಅದೇ ಲೆಕ್ಕಕ್ಕೆ ಕೂತರೆ ಎರಡನೇ ಸಾಲಿಗೇ ನಿಂತು ಹೋಗುತ್ತದೆ. ಅದಕ್ಕೇ ಪೆನ್ನು ಬಂದವರ ಕೈಯಲ್ಲೇ ಇರಬೇಕು ಅಂತ ಹಟ ಹಿಡಿದೆ. ಶುರುವಿನಲ್ಲಿ ಎಲ್ಲರೂ ಗೊಣಗಿದರು. ಒಬ್ಬ ಹುಡುಗನಂತೂ ಕೈ ಹಿಂದೆ ಕಟ್ಟಿಕೊಂಡು ಸ್ಕೂಲ್ ಪ್ರಾರ್ಥನೆಗೆ ನಿಂತವನ ಹಾಗೆ ನಿಂತಿರುತ್ತಿದ್ದ.

ಆ ನಿಯಮದಿಂದ ಏನು ಸಿಗುತ್ತದೆ ಅಂತ ಒಂದು ಮಧ್ಯಾಹ್ನದ ಮಾತು ಹೇಳುತ್ತೇನೆ. ಮಧುಗಿರಿ ಕಡೆಯ ಹುಡುಗಿ, ಮೊದಲ ಸೆಮಿಸ್ಟರ್. 'ಅಕ್ಕ, ಎನ್‌ತ್ ಡೆರಿವೇಟಿವ್ ಚಾಪ್ಟರೇ ನಂಗೆ ಬರಲ್ಲ' ಅಂತ ಬಂದಳು. ಲೆಕ್ಕ ಇಷ್ಟೇ. ಮೇಲೆ ಒಂದು, ಕೆಳಗೆ ಎಕ್ಸ್ ಸ್ಕ್ವೇರ್ ಮೈನಸ್ ಐದು ಎಕ್ಸ್ ಪ್ಲಸ್ ಆರು, ಇದರ ಎನ್‌ತ್ ಡೆರಿವೇಟಿವ್, ಅಂದರೆ ಎನ್ ಸಲ ಡಿಫರೆನ್ಷಿಯೇಟ್ ಮಾಡಿದರೆ ಬರುವ ಉತ್ತರ, ಕಂಡುಹಿಡಿಯಬೇಕು. ಟ್ಯೂಟರ್ ಹುಡುಗಿ ಲೆಕ್ಕವನ್ನು ಪಕ್ಕಕ್ಕಿಟ್ಟು, 'ಬರೀ ಒಂದು ಬೈ ಎಕ್ಸ್ ಮೈನಸ್ ಮೂರು ಇದ್ರೆ?' ಅಂದಳು. ಇವಳು ತಡವರಿಸದೆ ಬರೆದಳು. ಮೈನಸ್ ಒಂದರ ಪವರ್ ಎನ್, ಎನ್ ಫ್ಯಾಕ್ಟೋರಿಯಲ್, ಕೆಳಗೆ ಎಕ್ಸ್ ಮೈನಸ್ ಮೂರರ ಪವರ್ ಎನ್ ಪ್ಲಸ್ ಒಂದು. ಬರಲ್ಲ ಅಂದ ಚಾಪ್ಟರ್ ಪೂರ್ತಿ ಬರುತ್ತೆ! ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ಛೇದವನ್ನು ಎಕ್ಸ್ ಮೈನಸ್ ಆರು ಇಂಟು ಎಕ್ಸ್ ಪ್ಲಸ್ ಒಂದು ಅಂತ ಒಡೆದಿದ್ದಳು. ಕೂಡಿದರೆ ಮೈನಸ್ ಐದು ಸರಿಯಾಗೇ ಬರುತ್ತದೆ, ಗುಣಿಸಿದರೆ ಮಾತ್ರ ಮೈನಸ್ ಆರು.

'ಗುಣಿಸಿ ನೋಡು.'

ಗುಣಿಸಿದಳು. 'ಅಯ್ಯೋ, ಮೈನಸ್ ಬಂತು.'

'ಮತ್ತೆ?'

ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು, ಮೂರು ಅಂತ ತಾನೇ ಹುಡುಕಿದಳು. ಆಮೇಲೆ ಒಂದು ಬೈ ಎಕ್ಸ್ ಮೈನಸ್ ಮೂರರಲ್ಲಿ ಒಂದು ಬೈ ಎಕ್ಸ್ ಮೈನಸ್ ಎರಡನ್ನು ಕಳೆದರೆ ಆಯ್ತು ಅಂತ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟ್ಯೂಟರ್ ತಾನೇ ಬಿಡಿಸಿ ತೋರಿಸಿದ್ದರೆ ಈ ತಪ್ಪು ಹೊರಗೇ ಬರುತ್ತಿರಲಿಲ್ಲ. ಹುಡುಗಿ ಎನ್‌ತ್ ಡೆರಿವೇಟಿವ್ ಬರಲ್ಲ ಅಂದುಕೊಂಡೇ ಪರೀಕ್ಷೆಗೆ ಹೋಗುತ್ತಿದ್ದಳು.

ಆಮೇಲೆ ಒಂದು ಚೀಟಿ ಶುರು ಮಾಡಿದೆವು. ಹೆಸರು ಬೇಡ. ಯಾವ ಚಾಪ್ಟರ್ ಅಂತ ಬಂದರು, ನಿಜವಾಗಿ ಎಲ್ಲಿ ನಿಂತರು, ಅಷ್ಟೇ. ಟ್ಯೂಟರ್ ಬರೆದು ಡಬ್ಬಕ್ಕೆ ಹಾಕಬೇಕು. ಡಬ್ಬ ತುಂಬಿದಾಗ ಟೇಬಲ್ ಮೇಲೆ ಸುರಿದು ವಿಂಗಡಿಸುತ್ತೇವೆ. ಡಿಗ್ರಿಯ ವಿಷಯಕ್ಕೇ ನಿಂತವರು ಕಮ್ಮಿ. ಭಿನ್ನರಾಶಿ ಕೂಡುವುದು, ಅಪವರ್ತಿಸುವುದು, ಬ್ರಾಕೆಟ್ ಮುಂದಿನ ಮೈನಸ್, ಲಾಗ್ ನಿಯಮಗಳು, ಇವೇ ಜಾಸ್ತಿ. ಇನ್ನೊಂದು ರಾಶಿ ಪ್ರಶ್ನೆಯ ಇಂಗ್ಲಿಷಿನದು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು, ಪಾವಗಡ ಕಡೆಯಿಂದ ಬಂದರೆ ಮನೆಯಲ್ಲಿ ತೆಲುಗು. 'ಹೆನ್ಸ್ ಡಿಡ್ಯೂಸ್' (ಇದರಿಂದಲೇ ತೆಗೆಯಿರಿ) ಅಂತ ಪ್ರಶ್ನೆಯಲ್ಲಿ ಕಂಡರೆ ಹೊಸ ಲೆಕ್ಕ ಅಂದುಕೊಂಡು ಮೊದಲಿಂದ ಶುರು ಮಾಡುತ್ತಾರೆ. ಮೇಲೆ ಮಾಡಿದ್ದನ್ನೇ ಬಳಸಿದರೆ ಎರಡು ಸಾಲಿನ ಕೆಲಸ. ನನ್ನನ್ನು ಕೇಳಿದರೆ ನಮ್ಮ ಕೋಣೆಯ ಅತಿ ಬೆಲೆಬಾಳುವ ದಾಖಲೆ ಈ ಚೀಟಿಗಳು. ಎಕ್ಸೆಲ್ ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಸರಿ, ಆ ಮೂರನೇ ಕಾಲಂಗೆ ಬರೋಣ. 'ಮೇಡಂ, ಬಂದೋರಲ್ಲಿ ಪಾಸ್ ಪರ್ಸೆಂಟೇಜ್ ಜಾಸ್ತಿ ಇದೆಯಲ್ಲ, ಇನ್ನೇನು ಬೇಕು?' ಅಂತ ಪ್ರಿನ್ಸಿಪಾಲರು ಕೇಳಿದರು. ಅವರು ಕೆಮಿಸ್ಟ್ರಿಯವರು, ಒಳ್ಳೆಯವರು, ನಿಜವಾಗಿಯೂ ಖುಷಿಯಿಂದ ಕೇಳಿದ್ದು. ನಾನು ಯಾರು ಬರುತ್ತಾರೆ ನೋಡಿ ಸರ್ ಅಂದೆ. ಮೊದಲ ಬೆಂಚಿನವರು ಕರೆಯದೇ ಬರುತ್ತಾರೆ. ತೊಂಬತ್ತು ತೆಗೆಯುವವರು ತೊಂಬತ್ತೈದಕ್ಕೆ ಬರುತ್ತಾರೆ. ಅವರು ನಮ್ಮ ಬಾಗಿಲು ಮುಚ್ಚಿದ್ದರೂ ಪಾಸಾಗುತ್ತಿದ್ದರು. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1991ರಲ್ಲಿ, ಲಫ್‌ಬರೋದಲ್ಲಿ 1996ರಲ್ಲಿ ಇಂಥ ಸೆಂಟರ್ ಶುರುವಾದವು. ಲಫ್‌ಬರೋದ ಲೆಕ್ಕ ತೆಗೆದು ನೋಡಿದಾಗಲೂ ಫೇಲಾಗುವ ಅಂಚಿನಲ್ಲಿರುವವರಿಗಿಂತ ಒಳ್ಳೇ ಗ್ರೇಡಿನವರೇ ಜಾಸ್ತಿ ಬರುತ್ತಿದ್ದುದು ಕಂಡಿತ್ತು.

ಹಾಗಾದರೆ ಕಡಿಮೆ ತೆಗೆದವರನ್ನು ಕಡ್ಡಾಯವಾಗಿ ಕರೆಸಿ ಅನ್ನುತ್ತಾರೆ. ಮೊದಲು ಹಾಗೇ ಇತ್ತು. ರೆಮಿಡಿಯಲ್ ಕ್ಲಾಸ್ ಅಂತ ಹೆಸರು. ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದವರ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಅಂಟುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿದ್ದವರು ಕಾಲೇಜಿಗೇ ಚಕ್ಕರ್ ಹೊಡೆಯುತ್ತಿದ್ದರು. ಅಮೆರಿಕದ ಬರ್ಕ್‌ಲಿ ಯೂನಿವರ್ಸಿಟಿಯಲ್ಲಿ 1970ರ ದಶಕದಲ್ಲಿ ಯೂರಿ ಟ್ರೀಸ್‌ಮನ್ ಅನ್ನುವವರು ಒಂದು ಕೆಲಸ ಮಾಡಿದರು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ತುಂಬಾ ಜನ ಎಡವುತ್ತಿದ್ದರು. ಯಾಕೆ ಅಂತ ಮೇಷ್ಟರುಗಳನ್ನು ಕೇಳಿದರೆ ಓದುವ ಮನಸ್ಸಿಲ್ಲ, ಬುನಾದಿ ಇಲ್ಲ, ಮನೆಯಲ್ಲಿ ಒತ್ತಾಸೆ ಇಲ್ಲ ಅಂದರು. ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದರೂ ಇದೇ ಮೂರು ಉತ್ತರ ಬರುತ್ತವೆ, ಅಲ್ವಾ? ಟ್ರೀಸ್‌ಮನ್ ವಿದ್ಯಾರ್ಥಿಗಳು ಓದುವ ಜಾಗಕ್ಕೇ ಹೋಗಿ ನೋಡಿದರು. ಕಪ್ಪು ವಿದ್ಯಾರ್ಥಿಗಳು ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನಾ ಮೂಲದ ವಿದ್ಯಾರ್ಥಿಗಳು ಜೊತೆಯಾಗಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ನೋಡುತ್ತಿದ್ದರು. ಆಮೇಲೆ ಟ್ರೀಸ್‌ಮನ್ ನಡೆಸಿದ ವರ್ಕ್‌ಶಾಪಿನಲ್ಲಿ ರೆಮಿಡಿಯಲ್ ಅನ್ನುವ ಮಾತೇ ಇರಲಿಲ್ಲ. ಕಷ್ಟದ ಲೆಕ್ಕ ಕೊಟ್ಟು ಗುಂಪಿನಲ್ಲಿ ಬಿಡಿಸಿ ಅಂದರು. ನಾವು ದೊಡ್ಡ ಟೇಬಲ್ ಹಾಕಿಸಿದ್ದು ಅದನ್ನು ಓದಿದ ಮೇಲೆ.

ರೆಮಿಡಿಯಲ್ ಕ್ಲಾಸಿನ ಫೈಲು ಮಾತ್ರ ತುಂಬಾ ಚೆಂದ ಇತ್ತು. ಮೊದಲ ಟೆಸ್ಟಿನಲ್ಲಿ ಕೆಳಗಿದ್ದವರ ಸರಾಸರಿ ಎರಡನೇ ಟೆಸ್ಟಿಗೆ ಪ್ರತಿ ಸಲವೂ ಏರಿರುತ್ತಿತ್ತು. ಇದನ್ನು ನೋಡಿದಾಗ ನನಗೆ ಒಂದು ತುಂಟತನ ಹೊಳೆಯಿತು. ಎಂ.ಎಸ್ಸಿ. ಕ್ಲಾಸಿನಲ್ಲಿ ಎಲ್ಲರ ಕೈಗೂ ಒಂದೊಂದು ದಾಳ ಕೊಟ್ಟೆ. ಹಾಕಿ ಅಂದೆ. ಒಂದು, ಎರಡು ಬಿದ್ದವರನ್ನು ನಿಲ್ಲಿಸಿ ಚೆನ್ನಾಗಿ ಬೈದೆ. ಐದು, ಆರು ಬಿದ್ದವರಿಗೆ ಚಪ್ಪಾಳೆ ಹೊಡೆಸಿದೆ. ಮತ್ತೆ ಹಾಕಿ ಅಂದೆ. ಬೈಸಿಕೊಂಡವರ ಸರಾಸರಿ ಒಂದೂವರೆಯಿಂದ ಮೂರೂವರೆಯ ಹತ್ತಿರಕ್ಕೆ ಬಂತು. ಹೊಗಳಿಸಿಕೊಂಡವರದು ಐದೂವರೆಯಿಂದ ಅಲ್ಲಿಗೇ ಇಳಿಯಿತು. 'ನೋಡಿ, ಬೈದರೆ ದಾಳಕ್ಕೂ ಬುದ್ಧಿ ಬರುತ್ತೆ' ಅಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆ ತಾಯಿ ಮತ್ತು ಮಕ್ಕಳ ಎತ್ತರ ಹೋಲಿಸಿ ಕಂಡಿದ್ದು ಇದನ್ನೇ. ತೀರಾ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ಸ್ವಲ್ಪ ವಾಲುತ್ತಾರೆ, ತೀರಾ ಕುಳ್ಳಗಿನವರ ಮಕ್ಕಳೂ ಹಾಗೇ. ಟೆಸ್ಟಿನ ಮಾರ್ಕ್ಸಿನಲ್ಲಿ ಓದಿದ್ದೂ ಇರುತ್ತದೆ, ಆ ದಿನದ ಗ್ರಹಚಾರವೂ ಇರುತ್ತದೆ. ಜ್ವರ, ತಡವಾದ ಬಸ್ಸು, ಓದದೇ ಬಿಟ್ಟ ಒಂದೇ ಚಾಪ್ಟರಿಂದ ಬಂದ ಪ್ರಶ್ನೆ. ಕೆಳಗಿನವರನ್ನೇ ಆರಿಸಿದರೆ ಅವರಲ್ಲಿ ಗ್ರಹಚಾರ ಕೆಟ್ಟವರು ಜಾಸ್ತಿ ಇರುತ್ತಾರೆ. ಮುಂದಿನ ಸಲ ಅದು ಮತ್ತೆ ಕೆಡಬೇಕು ಅಂತೇನಿಲ್ಲ. ನಾವು ಏನೂ ಹೇಳಿಕೊಡದೆ ಬರೀ ಟೀ ಕೊಟ್ಟು ಕಳಿಸಿದ್ದರೂ ಸರಾಸರಿ ಸ್ವಲ್ಪ ಏರುತ್ತಿತ್ತು.

ಉಲ್ಟಾ ಮೋಸವೂ ಇದೆ. ಸುಮ್ನೆ ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಬ್ಯಾಕ್‌ಲಾಗ್, ಅಂದರೆ ಹಿಂದಿನ ಪೇಪರ್ ಬಾಕಿ, ಇರುವ 100 ಜನರಲ್ಲಿ 80 ಜನ ಕೋಣೆಗೆ ಬಂದು 40 ಜನ ಪಾಸಾದರು. ಬಾರದ 20 ಜನರಲ್ಲಿ 8 ಜನ ಪಾಸಾದರು. ಬ್ಯಾಕ್‌ಲಾಗ್ ಇಲ್ಲದ 100 ಜನರಲ್ಲಿ ಬಂದವರು 20, ಪಾಸಾದವರು 18. ಬಾರದವರು 80, ಪಾಸಾದವರು 68. ಎರಡು ಗುಂಪಿನಲ್ಲೂ ಬಂದವರದೇ ಮೇಲುಗೈ. ಮೊದಲ ಗುಂಪಿನಲ್ಲಿ ಬಂದವರು ಶೇ. 50, ಬಾರದವರು ಶೇ. 40. ಎರಡನೆಯದರಲ್ಲಿ ಶೇ. 90 ಮತ್ತು ಶೇ. 85. ಈಗ ಒಟ್ಟು ಸೇರಿಸಿ. ಬಂದ 100 ಜನರಲ್ಲಿ ಪಾಸಾದವರು 58, ಬಾರದ 100 ಜನರಲ್ಲಿ 76! ಎಕ್ಸೆಲ್ ಶೀಟ್ ನೋಡಿದವರು ಈ ಕೋಣೆ ಮುಚ್ಚಿಸಿ ಅನ್ನುತ್ತಾರೆ. ಅದೇ ಬರ್ಕ್‌ಲಿಯಲ್ಲಿ 1973ರ ಸ್ನಾತಕೋತ್ತರ ಅಡ್ಮಿಷನ್‌ನಲ್ಲೂ ಹೀಗೇ ಆಯಿತು. ಒಟ್ಟಾರೆ ನೋಡಿದರೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಜನರಿಗೆ ಸೀಟು. ವಿಭಾಗವಾರು ಬಿಡಿಸಿ ನೋಡಿದರೆ ಆ ಅಂತರ ಉಳಿಯಲಿಲ್ಲ. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಜಾಸ್ತಿ ಅರ್ಜಿ ಹಾಕಿದ್ದರು.

ಇನ್ನು ಎರಡನೇ ಕಾಲಂ. ಬಂದವರ ಸಂಖ್ಯೆ. 2023ರ ಜೂನ್ ಆದಮೇಲೆ ನಮ್ಮಲ್ಲಿ ಹುಡುಗಿಯರ ಸಂಖ್ಯೆ ಚೆನ್ನಾಗಿ ಏರಿತು. ಮೀಟಿಂಗಿನಲ್ಲಿ ನನಗೆ ಶಭಾಷ್‌ಗಿರಿಯೂ ಸಿಕ್ಕಿತು. ಆ ಜೂನ್‌ನಲ್ಲಿ ಶುರುವಾಗಿದ್ದು ಶಕ್ತಿ ಯೋಜನೆ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಮಧುಗಿರಿ, ಪಾವಗಡ ರೂಟಿನಲ್ಲಿ ಪ್ರೈವೇಟ್ ಬಸ್ಸು ಬೇಕಾದಷ್ಟು ಇವೆ. ಅವುಗಳಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳಲೇಬೇಕು. ಸರ್ಕಾರಿ ಬಸ್ಸಿಗೆ ಕಾಯುವ ಹುಡುಗಿಯರಿಗೆ ಕೂರಲು ಒಂದು ಜಾಗ ಬೇಕಿತ್ತು. ಫ್ಯಾನ್ ಇದೆ, ಪಕ್ಕದಲ್ಲೇ ನೀರಿನ ಫಿಲ್ಟರ್ ಇದೆ, ಗಣಿತದ ಕೋಣೆ ಆಗಬಹುದು ಅಂತ ಬಂದರು. ಬಂದವರು ಒಂದೆರಡು ಲೆಕ್ಕ ಕೇಳಿದರು, ಒಳ್ಳೆಯದೇ ಆಯಿತು. ಆದರೆ ಆ ಏರಿಕೆಯ ಕೀರ್ತಿ ಬಸ್ಸಿಗೆ ಸಲ್ಲಬೇಕು. ವರ್ಷದಿಂದ ವರ್ಷಕ್ಕೆ ಹೋಲಿಸೋಣ ಅಂದರೆ ಅದೂ ಆಗದ ಮಾತು. 2021-22ರಲ್ಲಿ ನಾಲ್ಕು ವರ್ಷದ ಡಿಗ್ರಿಯ ಎನ್.ಇ.ಪಿ. (ರಾಷ್ಟ್ರೀಯ ಶಿಕ್ಷಣ ನೀತಿ) ಸಿಲಬಸ್ ಬಂತು, 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಹೋಯಿತು. ಪೇಪರ್ ಬೇರೆ, ಮಾರ್ಕ್ಸ್ ಹಂಚಿಕೆ ಬೇರೆ. ಯಾವುದನ್ನು ಯಾವುದಕ್ಕೆ ಹೋಲಿಸುವುದು?

ಹಾಗಂತ ಕೈಕಟ್ಟಿ ಕೂರೋಕಾಗುತ್ತಾ? ಲಾಟರಿ ಎತ್ತಿದೆವು. ಮೊದಲ ಸೆಮಿಸ್ಟರಿನವರ ರೋಲ್ ನಂಬರ್ ಚೀಟಿ ಮಾಡಿ, ಅರ್ಧ ಜನರನ್ನು ಆರಿಸಿ, ಅವರಿಗೆ ಮಾತ್ರ ಫೋನ್ ಮಾಡಿ ಕರೆದೆವು. 'ಉಳಿದವರಿಗೆ ಅನ್ಯಾಯ ಅಲ್ವಾ ಮೇಡಂ?' ಅಂತ ಎಚ್.ಒ.ಡಿ. ಕೇಳಿದರು. ಬಾಗಿಲು ಎಲ್ಲರಿಗೂ ತೆರೆದೇ ಇದೆ, ಚೀಟಿ ಎತ್ತಿದ್ದು ಫೋನ್ ಕರೆಗೆ ಮಾತ್ರ ಅಂದೆ. ಕೊನೆಗೆ ಹೋಲಿಸುವುದು ಬಂದವರನ್ನೂ ಬಾರದವರನ್ನೂ ಅಲ್ಲ. ಕರೆದವರೆಲ್ಲರನ್ನು, ಕರೆಯದವರೆಲ್ಲರ ಜೊತೆ. ಕರೆದರೂ ಬಾರದವರು ಕರೆದ ಗುಂಪಿನಲ್ಲೇ ಉಳಿಯಬೇಕು. ಇದನ್ನು ಒಪ್ಪಿಸುವುದಕ್ಕೇ ಅರ್ಧ ಮೀಟಿಂಗ್ ಹೋಯಿತು. 'ಬರದೇ ಇದ್ದವನನ್ನು ನಮ್ಮ ಲೆಕ್ಕಕ್ಕೆ ಯಾಕೆ ಸೇರಿಸ್ತೀರ?' ಅಂತ ಎಲ್ಲರದೂ ಒಂದೇ ಪ್ರಶ್ನೆ. ಅವನನ್ನು ತೆಗೆದರೆ ಮತ್ತೆ ಆಸಕ್ತಿ ಇರುವವರಷ್ಟೇ ಉಳಿಯುತ್ತಾರೆ. ಲಾಟರಿ ಎತ್ತಿದ್ದೇ ದಂಡವಾಗುತ್ತದೆ.

ಫಲಿತಾಂಶ? ಕರೆದವರ ಸರಾಸರಿ ಕೊಂಚ ಮೇಲಿತ್ತು. ಅದು ಕೋಣೆಯ ಕೆಲಸವೋ ಲಾಟರಿಯ ಆಟವೋ ಹೇಳುವಷ್ಟು ಅಂತರ ಇರಲಿಲ್ಲ. ಇದು ಮೊದಲೇ ಗೊತ್ತಿದ್ದ ವಿಷಯ. ಒಂದೊಂದು ಗುಂಪಿನಲ್ಲಿ 60 ಜನ, ನೂರರ ಪೇಪರಿನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ಮಾರ್ಕ್ಸ್ ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 15 ಅಂತಿಟ್ಟುಕೊಂಡರೆ, ಸರಾಸರಿಗಳ ಅಂತರದ ಸ್ಟ್ಯಾಂಡರ್ಡ್ ಎರರ್, ಅಂದರೆ ಬರೀ ಅದೃಷ್ಟದಿಂದ ಆ ಅಂತರ ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ, ಸುಮಾರು 2.7. ಅದರ ಎರಡರಷ್ಟು, ಅಂದರೆ ಐದೂವರೆ ಮಾರ್ಕ್ಸ್ ಅಂತರ ಬಂದರೆ ಮಾತ್ರ ಧೈರ್ಯವಾಗಿ ಮಾತಾಡಬಹುದು. ಫೋನ್ ಮಾಡಿದ್ದರಿಂದ ಹೊಸದಾಗಿ ಬಂದವರು ಮೂರರಲ್ಲಿ ಒಂದು ಭಾಗ ಅನ್ನಿ. ಆಗ ಬಂದ ಒಬ್ಬೊಬ್ಬರಿಗೂ ಹದಿನಾರು ಮಾರ್ಕ್ಸ್ ಏರಬೇಕು. ಅಷ್ಟು ಏರಿಸುವ ಕೋಣೆ ಇದ್ದರೆ ನಾನೇ ಹೋಗಿ ಸೇರಿಕೊಳ್ಳುತ್ತೇನೆ. ಬಂದವರಿಗೆ ಐದು ಮಾರ್ಕ್ಸ್ ಏರಿದರೂ ದೊಡ್ಡದು. ಅದನ್ನು ಕಾಣಬೇಕಾದರೆ ಎರಡೂ ಗುಂಪು ಸೇರಿ ಕಮ್ಮಿ ಅಂದರೂ 1,300 ಜನ ಬೇಕು. ಪಿಯುಸಿ ಮಾರ್ಕ್ಸನ್ನೂ ಲೆಕ್ಕಕ್ಕೆ ತಗೊಂಡರೆ ಸ್ವಲ್ಪ ಸುಲಭ. ಅದಕ್ಕೂ ಸೆಮಿಸ್ಟರ್ ಮಾರ್ಕ್ಸಿಗೂ ಕೋರಿಲೇಷನ್ (ಎರಡೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ) 0.7 ಇದ್ದರೆ ಅರ್ಧದಷ್ಟು ಜನ ಸಾಕು. ಆ ಅರ್ಧವೂ ನಮ್ಮ ಒಂದು ಕಾಲೇಜಿನ ಒಂದು ಬ್ಯಾಚಿನಲ್ಲಿ ಸಿಗಲ್ಲ.

ಅದಕ್ಕೇ ಈಗ ಬೇರೆ ಕಾಲೇಜುಗಳವರನ್ನು ಕೇಳುತ್ತಿದ್ದೇನೆ. ತಿಪಟೂರು, ಶಿರಾ, ಕುಣಿಗಲ್, ಆ ಕಡೆ ಕೋಲಾರ, ಚಿಕ್ಕಬಳ್ಳಾಪುರ, ಎಲ್ಲೇ ಇರಲಿ. ಗಣಿತಕ್ಕೆ ಇಂಥದೊಂದು ಕೋಣೆ ನಡೆಸುತ್ತಿದ್ದರೆ ಸೆಮಿಸ್ಟರ್ ಶುರುವಿನಲ್ಲೇ ಲಾಟರಿ ಎತ್ತಿ. ಪ್ರತಿ ವಿದ್ಯಾರ್ಥಿಗೆ ನಾಲ್ಕು ಕಾಲಂ ಸಾಕು. ಪಿಯುಸಿ ಗಣಿತದ ಮಾರ್ಕ್ಸ್, ಫೋನ್ ಮಾಡಿದ್ದಾ ಇಲ್ವಾ, ಎಷ್ಟು ಸಲ ಬಂದರು, ಸೆಮಿಸ್ಟರ್ ಮಾರ್ಕ್ಸ್. ಹೆಸರು, ರೋಲ್ ನಂಬರ್ ಅಳಿಸಿಬಿಡಿ. ಪೇಪರ್ ಬೇರೆ ಬೇರೆ ಇದ್ದರೂ ತೊಂದರೆ ಇಲ್ಲ. ಆಯಾ ಕಾಲೇಜಿನ ಒಳಗೇ ಅಂತರ ತೆಗೆದು ಆಮೇಲೆ ಒಟ್ಟು ಮಾಡಬಹುದು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಶುರು ಮಾಡಬೇಡಿ. ಆಗ ಕರೆಯದವರೂ ನುಗ್ಗುತ್ತಾರೆ, ಎರಡು ಗುಂಪಿಗೂ ವ್ಯತ್ಯಾಸವೇ ಇರಲ್ಲ.

ಮತ್ತೆ, ಫೋನ್ ಮಾಡುವ ಕೆಲಸ ಎಂ.ಎಸ್ಸಿ. ಮಕ್ಕಳಿಗೇ ಕೊಡಿ. ನಾನು ಮಾಡಿದಾಗ ಶಿರಾ ಕಡೆಯ ಒಬ್ಬ ತಾಯಿ ಫೋನ್ ಎತ್ತಿದರು. ಕಾಲೇಜಿಂದ ಅಂದ ತಕ್ಷಣ ಗಾಬರಿಯಾಗಿ, 'ಏನ್ ಮಾಡ್ಕೊಂಡ ಮೇಡಂ ನನ್ ಮಗ?' ಅಂದರು. ಏನೂ ಇಲ್ಲಮ್ಮ, ಗಣಿತ ಹೇಳಿಕೊಡ್ತೀವಿ ಅಂತ ಕರೆಯೋಕೆ ಮಾಡಿದ್ದು ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. 'ಫೀಸ್ ಎಷ್ಟು?' ಅಂತ ಕೇಳಿದರು.